ಮರದ ಕೆಳಗಿನ ಕಾಫಿ, ಮರದ ಮೇಲಿನ ದುಡ್ಡು

ನಮ್ಮ ಅಡಿಕೆ ತೋಟದೊಳಗೆ ಅರವತ್ತು ಚಿಲ್ಲರೆ ಕಾಫಿ ಗಿಡಗಳಿವೆ. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಕಾಫಿಯಾ ಅಂತ ಕೇಳಿದವರೆಲ್ಲ ಒಂದು ಸಲ ನಗುತ್ತಾರೆ. ಚಿಕ್ಕಮಗಳೂರು ಕಡೆಯ ನೆಂಟರ ಮನೆಯಿಂದ ಅಪ್ಪ ಸಸಿ ತಂದು, ನಾಲ್ಕು ಅಡಿಕೆ ಮರಗಳ ನಡುವೆ ಒಂದೊಂದರಂತೆ ನೆಟ್ಟಿದ್ದರು. ಬೆಳಿಗ್ಗೆಯ ಕಾಫಿಗೆ ಮನೆಯದೇ ಪುಡಿ ಆಗಲಿ ಅನ್ನುವುದು ಬಿಟ್ಟರೆ ಅವರಿಗೆ ಬೇರೆ ಆಸೆ ಇರಲಿಲ್ಲ.

ಒಂದು ವರ್ಷ ಮನೆಗೆ ಬೇಕಾದ್ದಕ್ಕಿಂತ ಜಾಸ್ತಿ ಬಂತು. ಒಂದು ಮೂಟೆ ಮಾರೋಣ ಅಂತ ಮಲೆನಾಡಿನ ಒಂದು ಊರಿಗೆ ಬಸ್ಸಿನಲ್ಲಿ ಹಾಕಿಕೊಂಡು ಹೋದೆ. ವ್ಯಾಪಾರಿ ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ತೆಗೆದು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಹಣ್ಣು ಚೆನ್ನಾಗಿ ಒಣಗಿದ್ದರೆ ಸಿಪ್ಪೆಯೊಳಗೆ ಬೀಜ ಗಿಲಿಗಿಲಿ ಅನ್ನಬೇಕು. ನಮ್ಮದು ಸದ್ದೇ ಮಾಡಲಿಲ್ಲ. ಒಂದು ಕಾಳನ್ನು ಹಲ್ಲಿನಲ್ಲಿ ಕಚ್ಚಿದರು, ಆಮೇಲೆ ಮೂಸಿದರು. "ಮಣ್ಣಲ್ಲಿ ಒಣಗಿಸಿದ್ದೀರಾ ಸ್ವಾಮಿ?" ಅಂದರು. ಹೌದು, ರಾಗಿ ಹರಡುವ ಹಾಗೆ ಮಣ್ಣಿನ ಕಣದಲ್ಲೇ ಹರಡಿದ್ದೆ. ಅವತ್ತಿನ ಪೇಪರ್ ಬೆಲೆಯ ಅರ್ಧದ ಹತ್ತಿರ ಅವರು ನಿಂತರು. ವಾಪಸ್ ಹೊತ್ತು ತರುವುದಕ್ಕಿಂತ ಮೇಲು ಅಂತ ಕೊಟ್ಟು ಬಂದೆ.

ಬಸ್ಸಿನಲ್ಲಿ ಬರುವಾಗ ಒಂದು ಪ್ರಶ್ನೆ ತಲೆಗೆ ಹೊಕ್ಕಿತು. ನನಗಾದರೆ ಅಡಿಕೆ, ತೆಂಗು ಇದೆ. ಇದು ಮೇಲುಗಳಿಕೆ. ಕಾಡಿನೊಳಗೆ ಒಂದು ಎಕರೆ ಇಟ್ಟುಕೊಂಡು ಬದುಕುವವರಿಗೆ ಇದೇ ಬೆಳೆ ಆದರೆ? ಮರ ಕಡಿಯದೆ, ಮರದ ಕೆಳಗೆ ಕಾಫಿ ಬೆಳೆದರೆ ಕಾಡಿನ ಜನರಿಗೆ ಒಳ್ಳೆಯದು ಅಂತ ಎಲ್ಲ ಕಡೆ ಓದುತ್ತೇವೆ. ಒಳ್ಳೆಯದು ಅಂದರೆ ಎಷ್ಟು? ದುಡ್ಡು ನಿಜವಾಗಿ ಬರುವುದು ಎಲ್ಲಿಂದ? ಅದನ್ನು ಬಿಡಿಸಿ ನೋಡುವುದೇ ಈ ಬರಹ.

ನೆರಳು ಯಾಕೆ ಬೇಕು

ಕಾಫಿ ಮೂಲದಲ್ಲಿ ಕಾಡಿನ ಗಿಡ. ದೊಡ್ಡ ಮರಗಳ ಕೆಳಗೆ, ಸೋಸಿ ಬಂದ ಬಿಸಿಲಿನಲ್ಲಿ ಬೆಳೆದದ್ದು. ಬ್ರೆಜಿಲ್‌ನವರು ಅದನ್ನು ಬಯಲಿಗೆ ತಂದು, ನೇರ ಬಿಸಿಲಿಗೆ ಒಡ್ಡಿ, ಗೊಬ್ಬರ ಸುರಿದು, ಯಂತ್ರದಲ್ಲಿ ಕೊಯ್ಯುತ್ತಾರೆ. ನಮ್ಮ ದೇಶದಲ್ಲಿ ಹೆಚ್ಚುಕಮ್ಮಿ ಎಲ್ಲ ಕಾಫಿಯೂ ಮರದ ನೆರಳಲ್ಲೇ ಇದೆ. ಅದರಲ್ಲಿ ಸುಮಾರು ಶೇ 70 ಕರ್ನಾಟಕದ್ದು, ಅಂದರೆ ಕೊಡಗು, ಚಿಕ್ಕಮಗಳೂರು, ಹಾಸನ. ಬೆಳೆಗಾರರಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಜನ 10 ಹೆಕ್ಟೇರ್‌ಗಿಂತ ಕಡಿಮೆ ಇರುವವರು. ಕಾಫಿ ಎಂದರೆ ಬಂಗಲೆ, ಜೀಪು, ನಾಯಿ ಅಂತ ನಮ್ಮ ಬಯಲುಸೀಮೆಯಲ್ಲಿ ಇರುವ ಚಿತ್ರ ಸಿನಿಮಾದ್ದು.

ನೆರಳಿಗೆ ಒಂದು ಬೆಲೆ ತೆರಬೇಕು. ಇಳುವರಿ ಕಡಿಮೆ. ಕಾಫಿಯಲ್ಲಿ ಮುಖ್ಯವಾಗಿ ಎರಡು ಜಾತಿ, ಅರೇಬಿಕಾ ಮತ್ತು ರೊಬಸ್ಟಾ. ಭಾರತದಲ್ಲಿ ಅರೇಬಿಕಾ ಹೆಕ್ಟೇರ್‌ಗೆ 400ರಿಂದ 450 ಕೆಜಿ, ರೊಬಸ್ಟಾ 1,100 ಕೆಜಿ ಆಸುಪಾಸು. ವಿಯೆಟ್ನಾಂನಲ್ಲಿ ರೊಬಸ್ಟಾ 2,500 ಕೆಜಿಗೂ ಮೇಲೆ. ಬರೀ ಕಾಫಿ ತೂಕ ನೋಡಿದರೆ ನಮ್ಮವರು ಸೋತ ಹಾಗೆಯೇ ಕಾಣುತ್ತದೆ. ಆದರೆ ತೂಕದ ತಕ್ಕಡಿಯಲ್ಲಿ ಖರ್ಚು ಕಾಣುವುದಿಲ್ಲ, ಬೇರೆ ಆದಾಯವೂ ಕಾಣುವುದಿಲ್ಲ.

ಖರ್ಚಿನ ಕಡೆಯಿಂದ ನೋಡೋಣ. ಅರೇಬಿಕಾ ಬೆಳೆಗಾರರ ದೊಡ್ಡ ಶತ್ರು ಬಿಳಿ ಕಾಂಡಕೊರಕ. 'ಬೋರರ್' ಅಂದರೆ ಮಲೆನಾಡಿನಲ್ಲಿ ಮಕ್ಕಳಿಗೂ ಗೊತ್ತು. ಬಿಸಿಲು ಬಿದ್ದ ಕಾಂಡದ ಮೇಲೆ ಅದು ಮೊಟ್ಟೆ ಇಡುವುದು ಜಾಸ್ತಿ. ನೆರಳು ಒಡೆದ ಕಡೆ ಗಿಡಗಳು ಸಾಲಾಗಿ ಹೋಗುತ್ತವೆ. ಒಂದು ಗಿಡ ಸತ್ತರೆ ಹೊಸದು ನೆಟ್ಟು ಮೊದಲ ಫಸಲು ನೋಡಲು ಮೂರು ನಾಲ್ಕು ವರ್ಷ ಬೇಕು. ಅಂದಮೇಲೆ ಮೇಲಿರುವ ಮರ ಒಂದು ಬಗೆಯ ವಿಮೆ. ಇನ್ನು ತರಗೆಲೆ ಬಿದ್ದು ಕೊಳೆತು ಗೊಬ್ಬರ ಆಗುತ್ತದೆ. ಹಾಲುವಾಣದಂಥ ಮರ ಬೇರಿನಲ್ಲಿ ಸಾರಜನಕ ಹಿಡಿದಿಡುತ್ತದೆ. ನಮ್ಮ ಕಡೆ ಬೇಲಿಗೆ ಹಾಕುವ ಗೊಬ್ಬರದ ಗಿಡವೂ ಇದೇ ಕೆಲಸ ಮಾಡುತ್ತದೆ. ಕೈಯಲ್ಲಿ ಕಾಸಿಲ್ಲದವನಿಗೆ ಗೊಬ್ಬರದ ಅಂಗಡಿಗೆ ಹೋಗದೆ ಉಳಿದದ್ದೂ ಆದಾಯವೇ, ಅಲ್ವಾ?

ಜೇನು ಇನ್ನೊಂದು. ಅರೇಬಿಕಾ ತನ್ನ ಹೂವಿಗೆ ತಾನೇ ಪರಾಗ ಕೊಟ್ಟುಕೊಳ್ಳುತ್ತದೆ. ರೊಬಸ್ಟಾಕ್ಕೆ ಅದು ಆಗುವುದಿಲ್ಲ. ಬೇರೆ ಗಿಡದ ಪರಾಗ ಬರಬೇಕು, ಗಾಳಿಯಲ್ಲಿ ಅಥವಾ ಜೇನಿನ ಕಾಲಿನಲ್ಲಿ. ಹೆಜ್ಜೇನು ಕಟ್ಟಲು ಎತ್ತರದ ಮರ ಬೇಕು. ತೋಟದಲ್ಲಿ, ಪಕ್ಕದ ಕಾಡಿನಲ್ಲಿ ಅಂಥ ಮರಗಳು ಉಳಿದಿದ್ದರೆ ಕಾಯಿ ಕಟ್ಟುವ ಕೆಲಸಕ್ಕೆ ಸಂಬಳ ಇಲ್ಲದ ಆಳು ಸಿಕ್ಕ ಹಾಗೆ.

ಹಾಗಂತ ಕತ್ತಲೆ ಮಾಡಿದರೂ ಕಾಫಿ ಕಾಯಿ ಬಿಡುವುದಿಲ್ಲ. ಅದಕ್ಕೇ 'ಮರಗಸಿ' ಅನ್ನುವ ಕೆಲಸ. ಮರ ಹತ್ತಿ, ಬೇಕಾದಷ್ಟು ರೆಂಬೆ ಇಳಿಸಿ, ಬೆಳಕು ಬಿಡುವುದು. ಅಪಾಯದ ಕೆಲಸ, ಕೂಲಿಯೂ ದುಬಾರಿ. ನೆರಳಿನ ಕಾಫಿ ಅಂದರೆ ಸುಮ್ನೆ ಬಿಟ್ಟರೆ ತಾನಾಗಿ ಬರುವ ಬೆಳೆ ಅಂತ ಬರೆಯುವವರನ್ನು ಒಂದು ದಿನ ಮರ ಹತ್ತಿಸಬೇಕು.

ತಿಂಗಳಿಗೊಂದು ಬೆಳೆ

ನನ್ನ ಪ್ರಕಾರ ವಿಷಯದ ಹೊಟ್ಟೆ ಇರುವುದು ಇಲ್ಲಿ. ಮರದ ಕೆಳಗಿನ ಕಾಫಿಯ ಲಾಭ ದೊಡ್ಡ ಮೊತ್ತದಲ್ಲಿಲ್ಲ. ದುಡ್ಡು ಬೇರೆ ಬೇರೆ ತಿಂಗಳಲ್ಲಿ, ಬೇರೆ ಬೇರೆ ಎತ್ತರದಿಂದ ಬರುವುದರಲ್ಲಿದೆ.

ಅರೇಬಿಕಾ ಹಣ್ಣು ನವೆಂಬರ್‌ನಿಂದ ಜನವರಿ. ರೊಬಸ್ಟಾ ಡಿಸೆಂಬರ್ ಕೊನೆಯಿಂದ ಫೆಬ್ರವರಿ, ಕೆಲವು ಸಲ ಮಾರ್ಚ್. ಅದು ಮುಗಿಯುವ ಹೊತ್ತಿಗೆ ಮರಕ್ಕೆ ಹಬ್ಬಿಸಿದ ಮೆಣಸು ಕೊಯ್ಲಿಗೆ ಬರುತ್ತದೆ. ಬೇಸಿಗೆಯಲ್ಲಿ ಜೇನು. ಮಳೆಗಾಲದ ಬಾಯಿಗೆ ಹಲಸು. ನಡುವೆ ಬಾಳೆ ಯಾವಾಗಲೂ ಒಂದೆರಡು ಗೊನೆ. ಇಪ್ಪತ್ತು ವರ್ಷಕ್ಕೊಮ್ಮೆ ಮಗಳ ಮದುವೆಗೋ ಮನೆ ಕಟ್ಟುವುದಕ್ಕೋ ನಾಲ್ಕು ಸಿಲ್ವರ್ ಓಕ್ ಮರ. ಮೆಣಸಿನಲ್ಲಿ ಇನ್ನೊಂದು ಅನುಕೂಲ ಇದೆ. ಕಾಫಿ ಹಳತಾದಷ್ಟೂ ವಾಸನೆ ಕೆಡುತ್ತದೆ. ಮೆಣಸು ಒಣಗಿಸಿ ಚೀಲಕ್ಕೆ ತುಂಬಿದರೆ ಒಳ್ಳೆಯ ಬೆಲೆ ಬರುವವರೆಗೆ ಅಟ್ಟದ ಮೇಲೆ ಕಾಯುತ್ತದೆ. ಬ್ಯಾಂಕಿನಲ್ಲಿ ಇಟ್ಟ ಹಾಗೆ.

ಇದು ಯಾಕೆ ಮುಖ್ಯ ಅಂತ ತಿಪಟೂರಿನ ಕೊಬ್ಬರಿ ಮಾರುವವರನ್ನು ಕೇಳಿ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲ್‌ಗೆ 11,750 ರೂಪಾಯಿ ಇತ್ತು. ಮಾರುಕಟ್ಟೆ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದು ರೈತರು ಬೀದಿಗೆ ಇಳಿದರು. 2025ರಲ್ಲಿ ಅದೇ ಕೊಬ್ಬರಿ 20,000 ದಾಟಿತು. ಆ ಎರಡು ವರ್ಷದ ನಡುವೆ ಸಾಲ ತೀರಿಸಲಾಗದೆ ಕೊಬ್ಬರಿಯನ್ನು ಅಗ್ಗಕ್ಕೆ ಬಿಟ್ಟವರು ನಮ್ಮೂರಲ್ಲೇ ಇದ್ದಾರೆ. ಬೆಲೆ ಏರುವವರೆಗೆ ಕಾದವರು ಯಾರು? ಮನೆಯಲ್ಲಿ ಇನ್ನೊಂದು ವರಮಾನ ಇದ್ದವರು.

ಕಾಫಿ ಬೆಲೆ ಕೊಬ್ಬರಿಗಿಂತ ಹುಚ್ಚು. ಅರೇಬಿಕಾ ಬೆಲೆ ನ್ಯೂಯಾರ್ಕ್‌ನಲ್ಲಿ, ರೊಬಸ್ಟಾ ಬೆಲೆ ಲಂಡನ್‌ನಲ್ಲಿ ತೀರ್ಮಾನ ಆಗುತ್ತದೆ. 1989ರವರೆಗೆ ಯಾವ ದೇಶ ಎಷ್ಟು ರಫ್ತು ಮಾಡಬೇಕು ಅನ್ನುವ ಅಂತರರಾಷ್ಟ್ರೀಯ ಒಪ್ಪಂದ ಬೆಲೆಯನ್ನು ಸ್ವಲ್ಪ ಹಿಡಿದಿಟ್ಟಿತ್ತು. ಅದು ಮುರಿದುಬಿತ್ತು. ನಮ್ಮಲ್ಲಿ ಕಾಫಿ ಮಂಡಳಿಯೇ ಎಲ್ಲರ ಕಾಫಿ ತೆಗೆದುಕೊಂಡು ಮಾರುತ್ತಿದ್ದ ಪದ್ಧತಿ 1990ರ ದಶಕದಲ್ಲಿ ಹಂತ ಹಂತವಾಗಿ ಹೋಯಿತು. 1996ರ ಹೊತ್ತಿಗೆ ಬೆಳೆಗಾರ ಪೂರ್ತಿ ಮುಕ್ತ ಮಾರುಕಟ್ಟೆಗೆ ಬಂದ. ಅದೇ ಹೊತ್ತಿಗೆ ವಿಯೆಟ್ನಾಂ ರಾಶಿ ರಾಶಿ ಬೆಳೆಯಲು ಶುರು ಮಾಡಿತು. 2001ರ ಕೊನೆಗೆ ನ್ಯೂಯಾರ್ಕ್‌ನಲ್ಲಿ ಅರೇಬಿಕಾ ಪೌಂಡ್‌ಗೆ 50 ಸೆಂಟ್‌ಗಿಂತ ಕೆಳಗೆ ಹೋಗಿತ್ತು. 2025ರ ಫೆಬ್ರವರಿಯಲ್ಲಿ ಅದೇ ಪೌಂಡ್ 4 ಡಾಲರ್ ದಾಟಿತು. ಎಂಟು ಪಟ್ಟು! ಬ್ರೆಜಿಲ್‌ನಲ್ಲಿ, ವಿಯೆಟ್ನಾಂನಲ್ಲಿ ಮಳೆ ಕೈಕೊಟ್ಟದ್ದಕ್ಕೆ ಸಕಲೇಶಪುರದಲ್ಲಿ ಕಾರು ಬುಕ್ ಆಗುತ್ತದೆ. ಅಲ್ಲಿ ಒಳ್ಳೆಯ ಮಳೆ ಆದರೆ ಇಲ್ಲಿ ಒಡವೆ ಅಡವು.

ಕಾಫಿ ಒಂದನ್ನೇ ನಂಬಿದವನು 2001ರಲ್ಲಿ ಮುಳುಗಿದ. ಮೆಣಸು, ಕಿತ್ತಳೆ, ಬಾಳೆ ಇದ್ದವನು ಉಸಿರು ಹಿಡಿದು ನಿಂತ. ಬೆಲೆ ಏರಿದಾಗ ಲಾಭ ಪಡೆಯಲು ಮೊದಲು ಬೆಲೆ ಬಿದ್ದಾಗ ಬದುಕಿರಬೇಕು.

ಕಾಡಿನವರ ಲೆಕ್ಕ ಬೇರೆ

ಈಗ ಬಿಳಿಗಿರಿರಂಗನ ಬೆಟ್ಟಕ್ಕೆ ಬನ್ನಿ. ಚಾಮರಾಜನಗರ ಜಿಲ್ಲೆ. ಅಲ್ಲಿಯ ಆದಿವಾಸಿಗಳು ಸೋಲಿಗರು, ಅವರ ಊರಿಗೆ 'ಪೋಡು' ಅನ್ನುತ್ತಾರೆ. ಪೋಡಿನ ಅಂಚಿನಲ್ಲಿ ಒಂದು ಎಕರೆ, ಎರಡು ಎಕರೆ, ಕಾಡುಮರಗಳ ಕೆಳಗೆ ಕಾಫಿ. ದೂರದಿಂದ ನೋಡಿದರೆ ಅಲ್ಲೊಂದು ತೋಟ ಇದೆ ಅಂತಲೇ ಗೊತ್ತಾಗುವುದಿಲ್ಲ.

ಸೋಲಿಗರು ಮೊದಲು ಕಾಡಿನಿಂದ ಜೇನು, ನೆಲ್ಲಿಕಾಯಿ, ಸೀಗೆಕಾಯಿ, ಪಾಚಿ ತಂದು ಲ್ಯಾಂಪ್ಸ್ ಅನ್ನುವ ಆದಿವಾಸಿಗಳ ಸಹಕಾರ ಸಂಘಕ್ಕೆ ಕೊಡುತ್ತಿದ್ದರು. ಮನೆಯ ಖರ್ಚಿಗೆ ರಾಗಿ, ಅವರೆ. ಆ ಕಾಡು ವನ್ಯಧಾಮ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿ ವನ್ಯಧಾಮದೊಳಗೆ ಇವನ್ನು ಮಾರಾಟಕ್ಕೆಂದು ಸಂಗ್ರಹಿಸುವುದನ್ನು ತಡೆಯಿತು. ಅದು ಜಾರಿಗೆ ಬಂದ ಮೇಲೆ ಕೈಗೆ ಬರುತ್ತಿದ್ದ ನಗದು ಒಮ್ಮೆಗೇ ನಿಂತಿತು. ಆಗ ಕೊಡಗಿನ ತೋಟಗಳಿಗೆ ಕೂಲಿಗೆ ಹೋದವರಿದ್ದಾರೆ. ಅಂಗಳದ ಪಕ್ಕದ ಕಾಫಿಯ ಬೆಲೆ ಗೊತ್ತಾದದ್ದು ಆಗ. ಕೂಲಿಗೆ ಬೇರೆ ಜಿಲ್ಲೆಗೆ ಹೋಗುವ ಬದಲು ನವೆಂಬರ್‌ನಿಂದ ಫೆಬ್ರವರಿವರೆಗೆ ಮನೆಯಲ್ಲೇ ಕೆಲಸ. ಮಕ್ಕಳು ಶಾಲೆಯಲ್ಲೇ ಉಳಿಯುತ್ತಾರೆ. ಇದನ್ನು ಯಾವ ಲಾಭ ನಷ್ಟದ ಪಟ್ಟಿಯಲ್ಲೂ ಬರೆಯುವುದಿಲ್ಲ.

ಆನೆ, ಹಂದಿಗಳ ಲೆಕ್ಕವೂ ಇದೆ. ರಾಗಿ ತೆನೆ ತುಂಬಿದ ಹೊಲಕ್ಕೆ ಹಂದಿ ಹಿಂಡು ನುಗ್ಗಿದರೆ ಬೆಳಿಗ್ಗೆ ಹುಲ್ಲೂ ಉಳಿಯುವುದಿಲ್ಲ. ಕಾಫಿ ಹಾಗೆ ಒಂದೇ ರಾತ್ರಿಯಲ್ಲಿ ಖಾಲಿ ಆಗುವ ಬೆಳೆ ಅಲ್ಲ. ಆದರೆ ಪೂರ್ತಿ ನಿಶ್ಚಿಂತೆ ಅಂತಲೂ ಇಲ್ಲ. ಹಲಸಿನ ವಾಸನೆಗೆ ಆನೆ ಬರುತ್ತದೆ. ಬಂದ ಆನೆ ಗಿಡ ತುಳಿಯದೆ ಹೋಗುತ್ತದೆಯೇ? ಕೊಡಗಿನಲ್ಲಿ ಕೆಲವರು ಹಲಸು ಹಣ್ಣಾಗುವ ಮೊದಲೇ ಎಳೆಗಾಯಿ ಕಿತ್ತುಬಿಡುತ್ತಾರೆ. ತಿಂಗಳಿಗೊಂದು ಬೆಳೆ ಅಂತ ಮೇಲೆ ಬರೆದದ್ದು ಪುಸ್ತಕದಲ್ಲಿ ಚೆಂದ. ಕಾಡಿನ ಅಂಚಿನಲ್ಲಿ ಅದರಲ್ಲೊಂದು ಪಾಲು ಆನೆಯದ್ದು.

ಇನ್ನು ಜಾಗದ ಕಾಗದ. ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಗರ್ ಹುಕುಂ ಜಮೀನಿಗೆ, ಅಂದರೆ ಮಂಜೂರಾತಿ ಇಲ್ಲದೆ ಉಳುತ್ತಿರುವ ಸರ್ಕಾರಿ ಜಮೀನಿಗೆ, ಸಕ್ರಮ ಮಾಡಿ ಅಂತ ನಮೂನೆ 57ರ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿರುವವರು ಪ್ರತಿ ಹಳ್ಳಿಯಲ್ಲಿದ್ದಾರೆ. ಅಂಥ ಜಮೀನಿನಲ್ಲಿ ಏನು ಬೆಳೆಯುತ್ತಾರೆ ನೋಡಿ. ಹುರುಳಿ, ರಾಗಿ, ಮೂರು ನಾಲ್ಕು ತಿಂಗಳ ಬೆಳೆ. ನಾಳೆ ಎಬ್ಬಿಸಿದರೆ ನಷ್ಟ ಕಡಿಮೆ ಇರಲಿ ಅಂತ. ಯಾರಾದರೂ ಅಲ್ಲಿ ಹಲಸು ನೆಡುತ್ತಾರಾ? ಮರ ನೆಡುವುದು ಅಂದರೆ ಮುಂದಿನ ಹತ್ತು ವರ್ಷವೂ ಇಲ್ಲೇ ಇರುತ್ತೇನೆ ಅಂತ ನಂಬುವುದು.

ಕಾಡಿನ ಜನಕ್ಕೆ ಆ ನಂಬಿಕೆ ಕೊಟ್ಟದ್ದು 2006ರ ಅರಣ್ಯ ಹಕ್ಕು ಕಾಯ್ದೆ. 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಉಳುತ್ತಿದ್ದ ಆದಿವಾಸಿ ಕುಟುಂಬಕ್ಕೆ ಗರಿಷ್ಠ 4 ಹೆಕ್ಟೇರ್‌ವರೆಗೆ ಹಕ್ಕುಪತ್ರ. ಗಂಡ ಹೆಂಡತಿ ಇಬ್ಬರ ಹೆಸರಲ್ಲಿ. ಮಕ್ಕಳಿಗೆ ಬರುತ್ತದೆ, ಆದರೆ ಮಾರುವ ಹಾಗಿಲ್ಲ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶ ಆಯಿತು. ಅದೇ ವರ್ಷ ಅಲ್ಲಿಯ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಇಂಥ ಹಕ್ಕು ಸಿಕ್ಕದ್ದು ದೇಶದಲ್ಲೇ ಮೊದಲು. ಜೇನು, ನೆಲ್ಲಿಯ ಮೇಲೆ ಮತ್ತೆ ಹಕ್ಕು ಬಂತು. ಮಾರಲಾಗದ ಹಕ್ಕುಪತ್ರಕ್ಕೆ ಒಂದು ತೊಡಕಿದೆ. ಅಡಮಾನ ಇಟ್ಟು ದೊಡ್ಡ ಸಾಲ ಪಡೆಯುವುದು ಕಷ್ಟ. ಆದರೆ ಸಾಲ ಕೊಟ್ಟವನು ಜಮೀನು ಬರೆಸಿಕೊಂಡು ಹೋಗಲಾರ ಅನ್ನುವುದೂ ಅದೇ ಕಾಗದದಿಂದ. ನನಗೆ ಎರಡನೆಯದೇ ಹೆಚ್ಚು ತೂಕದ್ದು ಅನ್ನಿಸುತ್ತದೆ.

ಮರದ ಹಕ್ಕಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮಲೆನಾಡಿನ ತೋಟಗಳಲ್ಲಿ ಬೀಟೆ, ನಂದಿ, ಅತ್ತಿ ಹೋಗಿ ಎಲ್ಲ ಕಡೆ ಸಿಲ್ವರ್ ಓಕ್ ಯಾಕೆ ಬಂತು? ಬೇಗ ಬೆಳೆಯುತ್ತದೆ, ನೇರ ಹೋಗುತ್ತದೆ, ಮೆಣಸು ಹಬ್ಬಿಸಲು ಸಲೀಸು. ಅದಕ್ಕಿಂತ ದೊಡ್ಡ ಕಾರಣ, ಅದನ್ನು ಕಡಿಯಲು ಅರಣ್ಯ ಇಲಾಖೆಯ ಅನುಮತಿಗೆ ಅಲೆಯಬೇಕಿಲ್ಲ. ಕಾಡುಮರ ಉಳಿಸಿದವನಿಗೆ ಅದರಿಂದ ಕಾಸು ಹುಟ್ಟುವುದಿಲ್ಲ, ಆಸ್ಟ್ರೇಲಿಯಾದ ಮರ ನೆಟ್ಟವನಿಗೆ ಹುಟ್ಟುತ್ತದೆ. ಕಾನೂನು ಮಾಡಿದ್ದು ಮರ ಉಳಿಸಲು. ರೈತ ಲೆಕ್ಕ ಹಾಕಿ ಆ ಮರಗಳನ್ನು ನೆಡುವುದೇ ಬಿಟ್ಟ. ಶ್ರೀಗಂಧದಲ್ಲೂ ಇದೇ ಆಗಿತ್ತು. 2001ರ ತಿದ್ದುಪಡಿ ಜಮೀನಿನಲ್ಲಿರುವ ಗಂಧ ರೈತನದೇ ಅಂದ ಮೇಲೆ ನಮ್ಮ ಕಡೆ ಜನ ಅದನ್ನು ನೆಡಲು ಶುರು ಮಾಡಿದರು.

ಹಣ್ಣಿನಿಂದ ಲೋಟದವರೆಗೆ

ನನ್ನ ಮೂಟೆಯ ಕಥೆಗೆ ಬರೋಣ. ಕಾಫಿಯಲ್ಲಿ ದುಡ್ಡು ಸೋರುವುದು ಕೊಯ್ದ ಮೇಲೆ.

ಗಿಡದಿಂದ ಐದಾರು ಕೆಜಿ ಹಣ್ಣು ಕೊಯ್ದರೆ ಕೊನೆಗೆ ಸಿಗುವುದು ಒಂದು ಕೆಜಿ ಬೀಜ. ಹಸಿ ಹಣ್ಣನ್ನೇ ಮಾರಿದರೆ ಕೆಲಸ ಸುಲಭ, ಬೆಲೆ ಕಡಿಮೆ. ಹಣ್ಣನ್ನು ಹಾಗೇ ಹದಿನೈದು ದಿನ ಒಣಗಿಸಿದರೆ ಅದು 'ಚೆರ್ರಿ'. ಬರೀ ಕೆಂಪು ಹಣ್ಣು ಆರಿಸಿ, ಅದೇ ದಿನ ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸಿ, ಲೋಳೆ ತೊಳೆದು ಒಣಗಿಸಿದರೆ ಅದು 'ಪಾರ್ಚ್‌ಮೆಂಟ್'. ಇದಕ್ಕೆ ಬೆಲೆ ಜಾಸ್ತಿ, ನೀರು ಮತ್ತು ಕೆಲಸವೂ ಜಾಸ್ತಿ.

ಚೆರ್ರಿ ಮಾರುವಾಗ ವ್ಯಾಪಾರಿ 'ಓಟಿ' ಎಷ್ಟು ಅನ್ನುತ್ತಾನೆ. 50 ಕೆಜಿ ಒಣ ಚೆರ್ರಿಯ ಸಿಪ್ಪೆ ತೆಗೆದರೆ ಎಷ್ಟು ಕೆಜಿ ಬೀಜ ಬಂತು ಅನ್ನುವುದೇ ಓಟಿ. 26, 27, 28 ಬಂದರೆ ಚೆನ್ನ. ಪೂರ್ತಿ ಒಣಗದಿದ್ದರೆ, ಜೊಳ್ಳಿದ್ದರೆ ಇಳಿಯುತ್ತದೆ. ಬೆಲೆ ನಿಂತಿರುವುದು ಈ ಅಂಕಿಯ ಮೇಲೆ. ಇದು ಗೊತ್ತಿಲ್ಲದವನು ಚೀಲದ ಲೆಕ್ಕದಲ್ಲಿ ಮಾರುತ್ತಾನೆ. ನಾನು ಮಾರಿದ್ದು ಹಾಗೆ. ಕಾಡಿನೊಳಗಿನ ಒಂದು ಎಕರೆಯವನ ಸ್ಥಿತಿ ಇನ್ನೂ ಕಷ್ಟ. ತಕ್ಕಡಿ ವ್ಯಾಪಾರಿಯದು, ಜೀಪು ವ್ಯಾಪಾರಿಯದು, ಎಷ್ಟೋ ಸಲ ಮಳೆಗಾಲದಲ್ಲಿ ಕೊಟ್ಟ ಮುಂಗಡವೂ ವ್ಯಾಪಾರಿಯದು. ಮುಂಗಡ ತಿಂದವನಿಗೆ ಬೆಲೆ ಕೇಳುವ ಬಾಯಿ ಇರುವುದಿಲ್ಲ.

ಹಾಗಾಗಿ ಕಾಡಿನ ಕಾಫಿಯಿಂದ ಆದಾಯ ನಿಜವಾಗಿ ಏರಿದ ಕಡೆಗಳಲ್ಲೆಲ್ಲ ಒಂದು ಸಂಗತಿ ಕಾಣುತ್ತದೆ. ಅಲ್ಲಿ ಜನ ಒಟ್ಟಾಗಿ ಹಣ್ಣು ಕೂಡಿಸಿ, ಒಂದೇ ಕಡೆ ಸಂಸ್ಕರಿಸಿ ಮಾರಿದ್ದಾರೆ. ಆಂಧ್ರದ ಅರಕು ಕಣಿವೆ ನೋಡಿ. ಅಲ್ಲಿಯ ಆದಿವಾಸಿಗಳು ಮೊದಲು ಬೆಟ್ಟ ಕಡಿದು, ಸುಟ್ಟು, ಒಂದೆರಡು ಬೆಳೆ ತೆಗೆದು ಮುಂದಿನ ಜಾಗಕ್ಕೆ ಹೋಗುತ್ತಿದ್ದರು. ತೆಲುಗಿನಲ್ಲಿ ಅದರ ಹೆಸರೂ 'ಪೋಡು'. ಸೋಲಿಗರ ಪೋಡು ಊರು, ಅವರ ಪೋಡು ಬೇಸಾಯ. ಒಂದೇ ಪದ, ಗುಡ್ಡ ದಾಟಿದರೆ ಅರ್ಥ ಬೇರೆ. ಆ ಗುಡ್ಡಗಳ ಮೇಲೆ ಸಿಲ್ವರ್ ಓಕ್ ನೆರಳಿನಲ್ಲಿ ಕಾಫಿ ಬಂತು, ಜೊತೆಗೆ ಮೆಣಸು. ನಾಂದಿ ಫೌಂಡೇಶನ್ ಅನ್ನುವ ಸೇವಾ ಸಂಸ್ಥೆ ಜೊತೆ ಸೇರಿ ರೈತರು ಸಹಕಾರ ಸಂಘ ಕಟ್ಟಿಕೊಂಡರು. ಕೆಂಪು ಹಣ್ಣು ಮಾತ್ರ ತೆಗೆದುಕೊಳ್ಳುವ ಕಟ್ಟುನಿಟ್ಟು, ಒಂದೇ ಕಡೆ ಪಲ್ಪಿಂಗ್. 2017ರಲ್ಲಿ ಆ ಕಾಫಿಯ ಅಂಗಡಿ ಪ್ಯಾರಿಸ್‌ನಲ್ಲಿ ತೆರೆಯಿತು. 2019ರಲ್ಲಿ ಅರಕು ಅರೇಬಿಕಾಕ್ಕೆ ಭೌಗೋಳಿಕ ಸೂಚಿ, ಅಂದರೆ ಆ ಊರಿನ ಹೆಸರಿಗೇ ಸಿಗುವ ಮಾನ್ಯತೆ ಸಿಕ್ಕಿತು. ನಮ್ಮ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೂ ಅದೇ ವರ್ಷ. ಗಿಡ ಅದೇ, ನೆರಳು ಅದೇ. ಬದಲಾದದ್ದು ಕೊಯ್ದ ಮೇಲಿನ ಶಿಸ್ತು ಮತ್ತು ಮಾರುವ ಕೈ.

ಪುಡಿ ಮಾಡಿ ಮಾರಿದರೆ ಇನ್ನೂ ಜಾಸ್ತಿ ಸಿಗುತ್ತದಲ್ಲ ಅಂತ ಕೇಳಬಹುದು. ಸಿಗುತ್ತದೆ. ಆದರೆ ಹುರಿದಾಗ ತೂಕದಲ್ಲಿ ಶೇ 15ರಿಂದ 20 ಹೋಗುತ್ತದೆ, ಪುಡಿ ಬೇಗ ವಾಸನೆ ಕಳೆದುಕೊಳ್ಳುತ್ತದೆ. ಅಂಗಡಿಯಲ್ಲಿ ಸ್ಪರ್ಧೆ ಚಿಕೋರಿ ಬೇರಿನ ಪುಡಿಯ ಜೊತೆ. ನಮ್ಮ ದೇಶದಲ್ಲಿ ಪುಡಿಗೆ ಶೇ 49ರವರೆಗೆ ಚಿಕೋರಿ ಬೆರೆಸಲು ಅವಕಾಶ ಇದೆ. ಅಷ್ಟು ಬೆರೆಸಿದ ಪ್ಯಾಕೆಟ್ ಪಕ್ಕ ಶುದ್ಧ ಕಾಫಿ ಇಟ್ಟು 'ಯಾಕೆ ಇಷ್ಟು ದುಬಾರಿ' ಅನ್ನುವವರಿಗೆ ಉತ್ತರ ಹೇಳುವ ತಾಳ್ಮೆಯೂ ಬೇಕು.

ಯುರೋಪ್ ಒಕ್ಕೂಟದ ಹೊಸ ನಿಯಮದ ಮಾತೂ ಈಗ ಜೋರಾಗಿದೆ. 2020ರ ಡಿಸೆಂಬರ್ 31ರ ಬಳಿಕ ಕಾಡು ಕಡಿದ ಜಾಗದ ಕಾಫಿಯನ್ನು ಅಲ್ಲಿಗೆ ಬಿಡುವುದಿಲ್ಲ, ಬೆಳೆದ ಜಾಗದ ಗುರುತು ಕೊಡಬೇಕು. ಜಾರಿ ಮುಂದೆ ಮುಂದೆ ಹೋಗುತ್ತಿದೆ. ಮರ ಉಳಿಸಿದವರಿಗೆ ಇದು ಅನುಕೂಲ ಆಗಬೇಕು. ಆದರೆ ಆ ಗುರುತು, ದಾಖಲೆ ಒಬ್ಬೊಬ್ಬರೇ ಮಾಡಿಕೊಳ್ಳುವ ಕೆಲಸ ಅಲ್ಲ. ಮತ್ತೆ ಸಂಘದ ಮಾತೇ ಬರುತ್ತದೆ.

ನಮ್ಮ ಬಯಲಿಗೆ ಆಗುತ್ತದಾ?

ಇದನ್ನೆಲ್ಲ ಓದಿ ತುಮಕೂರಿನಲ್ಲೋ ಕೋಲಾರದಲ್ಲೋ ಕಾಫಿ ಸಸಿ ತರಲು ಹೊರಡುವ ಮೊದಲು ಒಂದು ನಿಮಿಷ ಕೂತುಕೊಳ್ಳಿ.

ಎತ್ತರ ನಮಗೆ ತೊಂದರೆ ಇಲ್ಲ. ರೊಬಸ್ಟಾಕ್ಕೆ ಸಮುದ್ರ ಮಟ್ಟದಿಂದ 500ರಿಂದ 1,000 ಮೀಟರ್ ಸಾಕು, ತುಮಕೂರು 800 ಮೀಟರ್‌ಗೂ ಸ್ವಲ್ಪ ಮೇಲೆಯೇ ಇದೆ. ತೊಂದರೆ ಮಳೆಯದು. ರೊಬಸ್ಟಾಕ್ಕೆ ವರ್ಷಕ್ಕೆ 1,000 ಮಿಲಿಮೀಟರ್ ಆದರೂ ಬೇಕು, ಅರೇಬಿಕಾಕ್ಕೆ ಇನ್ನೂ ಜಾಸ್ತಿ. ನಮ್ಮಲ್ಲಿ 600ರಿಂದ 700. ಮಳೆ ಬೀಳುವ ಹೊತ್ತೂ ಮುಖ್ಯ. ಫೆಬ್ರವರಿ ಮಾರ್ಚ್‌ನಲ್ಲಿ ಒಂದು ಅಂಗುಲ ಹೂಮಳೆ ಬಂದರೆ ವಾರ ಹತ್ತು ದಿನಕ್ಕೆ ತೋಟ ಬಿಳಿ ಆಗುತ್ತದೆ. ಅದಾಗಿ ಎರಡು ಮೂರು ವಾರದೊಳಗೆ ಇನ್ನೊಂದು ಮಳೆ ಬರಬೇಕು. ಬರದಿದ್ದರೆ ಈಚು, ಅಂದರೆ ಎಳೆಗಾಯಿ ಉದುರುತ್ತದೆ. ನಮ್ಮ ಮಾರ್ಚ್‌ನಲ್ಲಿ ಆಕಾಶ ನೋಡಿಕೊಂಡು ಕೂತರೆ ಕತ್ತು ನೋಯುತ್ತದೆ ಅಷ್ಟೇ. ಬೋರಿನಿಂದಲೇ ಕೊಡಬೇಕು, ಅದೂ ಅಡಿಕೆಯೂ ನೀರು ಕೇಳುವ ಬೇಸಿಗೆಯಲ್ಲಿ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಹೇಮಾವತಿ ನಾಲೆಯಿಂದ ಕೆರೆ ತುಂಬುವ ಕಡೆ, ಈಗಾಗಲೇ ಹನಿ ನೀರಾವರಿ ಇರುವ ಹಳೆಯ ಅಡಿಕೆ ತೋಟದ ಒಳಗೆ ರೊಬಸ್ಟಾ ಹಾಕಿ ನೋಡಬಹುದು. ಅಡಿಕೆ ಸಾಲು ಒಂಬತ್ತು ಅಡಿಗೆ ಒಂದರಂತೆ ಇರುತ್ತದೆ, ನಡುವಿನ ಜಾಗ ಹೇಗೂ ಖಾಲಿ. ಮೆಣಸಂತೂ ಹಾಕಲೇಬೇಕು. ಬಯಲಿನಲ್ಲಿ ಹೊಸ ಬೋರ್ ಕೊರೆಸಿ, ಕಾಫಿಗೆಂದೇ ನೆರಳು ಬೆಳೆಸಿ, ಆಮೇಲೆ ಕಾಫಿ ಹಾಕುತ್ತೇನೆ ಅನ್ನುವುದು ಸಾಲಕ್ಕೆ ದಾರಿ. ಹುಣಸೆ ಮರದ ಕೆಳಗೆ ಹಾಕುತ್ತೇನೆ ಅನ್ನುವವರೂ ಸಿಕ್ಕಿದ್ದಾರೆ. ಹುಣಸೆಯ ಕೆಳಗೆ ಹುಲ್ಲೇ ಸರಿಯಾಗಿ ಬರುವುದಿಲ್ಲ ಮಾರಾಯ್ರೆ. ಕೋಲಾರ, ಚಿಕ್ಕಬಳ್ಳಾಪುರದ ಕೆರೆಗಳಿಗೆ ಈಗ ಬೆಂಗಳೂರಿನ ಸಂಸ್ಕರಿಸಿದ ನೀರು ಬರುತ್ತಿದೆ, ಅಂತರ್ಜಲ ಏರಿದೆ ನಿಜ. ಆ ನೀರಿಗೆ ಹಿಪ್ಪುನೇರಳೆ, ತರಕಾರಿ, ಹೂವು ಮೊದಲೇ ಕಾದು ನಿಂತಿವೆ.

ನಮ್ಮ ಬಯಲಿಗೆ ಬರಬೇಕಾದದ್ದು ಕಾಫಿಗಿಂತ ಹೆಚ್ಚಾಗಿ ಕಾಫಿ ತೋಟದವರ ಲೆಕ್ಕ. ಎತ್ತರದಲ್ಲಿ ಒಂದು ವರಮಾನ, ನಡುವೆ ಒಂದು, ನೆಲದಲ್ಲಿ ಒಂದು. ನಮ್ಮ ಪಕ್ಕದ ಚೇಳೂರಿನದೇ ಸಿದ್ದು ಹಲಸು ನೋಡಿ. ಒಬ್ಬ ರೈತರ ತೋಟದಲ್ಲಿದ್ದ ಕೆಂಪು ತೊಳೆಯ ಒಂದು ಮರ. ಹಿರೇಹಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರದವರು ಅದನ್ನು ಗುರುತಿಸಿ ಕಸಿ ಸಸಿ ಮಾಡಿದರು. ಹಣ್ಣಿಗಿಂತ ಸಸಿ ಮಾರಾಟದಲ್ಲೇ ಆ ಕುಟುಂಬಕ್ಕೆ ದೊಡ್ಡ ವರಮಾನ ಬಂತು. ತೋಟದಲ್ಲಿ ನಿಂತ ಒಂದು ಮರ, ಎಕರೆಗಟ್ಟಲೆ ಬೆಳೆಯನ್ನು ಹಿಂದೆ ಹಾಕಿತು.

ನಾನು ಮಾಡಿದ್ದು ಸಣ್ಣದು. ಮನೆ ಹಿಂದೆ ಹತ್ತಡಿಗೆ ಹತ್ತಡಿ ಸಿಮೆಂಟ್ ಕಣ ಹಾಕಿಸಿದೆ. ರಾತ್ರಿ ಮುಚ್ಚಲು ಒಂದು ಟಾರ್ಪಾಲ್. ಹಸಿರುಕಾಯಿ ಕೀಳಬೇಡಿ ಅಂತ ಮನೆಯವರಿಗೆಲ್ಲ ಹೇಳಿ ಬೈಸಿಕೊಂಡೆ. ಹೋದ ಸಲ ಚೆರ್ರಿ ಕಿವಿ ಹತ್ತಿರ ಹಿಡಿದಾಗ ಸದ್ದು ಬಂತು. ಮೂಟೆಯನ್ನು ಒಬ್ಬನೇ ಹೊತ್ತು ಹೋಗಲಿಲ್ಲ, ಚಿಕ್ಕಮಗಳೂರಿನ ನೆಂಟರ ಚೀಲಗಳ ಜೊತೆ ಹಾಕಿದೆ. ಓಟಿ 27 ಬಂತು.

ಸುದ್ದಿ ಶಿರಾದವರೆಗೆ ಹೋಗಿ ಭಾವ ಫೋನ್ ಮಾಡಿದರು. ಕಡಲೆಕಾಯಿ ಹೊಲದಲ್ಲಿ ಎರಡು ಎಕರೆ ಕಾಫಿ ಹಾಕಿಬಿಡುತ್ತೇನೆ, ಸಸಿ ಕೊಡಿಸು ಅಂದರು.

"ಭಾವ, ಏಪ್ರಿಲ್‌ನಲ್ಲಿ ನಿಮ್ಮ ಬೋರ್ ಎಷ್ಟು ಹೊತ್ತು ಓಡುತ್ತೆ?"

ಸ್ವಲ್ಪ ಹೊತ್ತು ಮಾತಿಲ್ಲ. ಆ ಕಡೆ ಅಕ್ಕ ನಗುವುದು ಕೇಳಿಸಿತು.

"ಆ ಹಲಸಿನ ಸಸಿ ಎಷ್ಟಂತೆ, ಅದನ್ನ ಹೇಳು" ಅಂದರು ಭಾವ.